ಪಾದಚಾರಿಗಳಿಗೆ ಮಾತ್ರ

ವಿಜಯಪುರವನ್ನು ನಡೆದೇ ನೋಡಬೇಕು, ಹಳೇ ಪೇಟೆಯ ಜನರ ನಡುವೆ ಬೆರೆಯಬೇಕು ಅಂತ ಮೇಲಿನಿಂದ ಫರ್ಮಾನು ಬಂತು. ಬೆಳಗ್ಗೆ ಆರಕ್ಕೆ 'ಪಾರಂಪರಿಕ ನಡಿಗೆ'. ಎಂಟೂವರೆಗೆ ಸಾಹೇಬರು ಬಂದರು. ಏಳು ಕಾರಿನಲ್ಲಿ.

ಬಾರಾ ಕಮಾನ್ ಮುಂದೆ ಇಳಿದು ಇಪ್ಪತ್ತು ಹೆಜ್ಜೆ ಹಾಕಿದರು. ನಾನು ಎಣಿಸಿದ್ದೇನೆ. ಫೋಟೊದವನು 'ಇನ್ನೊಮ್ಮೆ ಹಿಂದಿನಿಂದ ಬರ್ರಿ ಸಾಹೇಬ್ರ' ಅಂದದ್ದಕ್ಕೆ ಆರು ಹೆಜ್ಜೆ ಜಾಸ್ತಿಯಾಯಿತು, ಅದನ್ನೂ ಲೆಕ್ಕಕ್ಕೆ ಹಿಡಿಯೋಣ. ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಹೋದದ್ದಕ್ಕೆ ಈ ಗೋರಿ ಅರ್ಧಕ್ಕೇ ನಿಂತಿತು ಅಂದ ಗೈಡ್. ಎಲ್ಲರೂ ತಲೆಯೆತ್ತಿ ಮೆಚ್ಚಿದರು. ಪಕ್ಕದ ಗಲ್ಲಿಯ ಚರಂಡಿ ಯಾರು ತೀರಿಹೋದದ್ದಕ್ಕೆ ನಿಂತಿದೆ ಅಂತ ಯಾರೂ ಕೇಳಲಿಲ್ಲ. ಅಷ್ಟೊತ್ತಿಗೆ ಉಪ್ಪಿಟ್ಟು ಬಂತು.

ಹಾಗಂತ ಇದು ನಡೆಯಲಾಗದ ಊರೇನಲ್ಲ. ಇಲ್ಲಿಂದ ಗಗನ ಮಹಲಿಗೆ ಒಂದು ಎಲೆಅಡಿಕೆ ಜಗಿದು ಮುಗಿಸುವಷ್ಟು ದಾರಿ. ಅಲ್ಲೇ ಸಾತ್ ಮಂಜಿಲ್, ಆಚೆಗೆ ಅಸಾರ್ ಮಹಲ್. ಬಾದಶಹರು ಅರಕಿಲ್ಲೆಯ, ಅಂದರೆ ಒಳಕೋಟೆಯ, ಸುತ್ತಮುತ್ತ ಎಲ್ಲವನ್ನೂ ಕಾಲಿಗೆಟುಕುವ ಹಾಗೆ ಕಟ್ಟಿಟ್ಟು ಹೋಗಿದ್ದಾರೆ. ಕಾಲಿಡಲು ಜಾಗ ಬಿಡುವ ಕೆಲಸವೊಂದೇ ನಮ್ಮ ಪಾಲಿಗೆ ಉಳಿದಿತ್ತು.

ಫುಟ್‌ಪಾತ್ ಇದೆ, ಇಲ್ಲ ಅನ್ನಬಾರದು. ಮೊಣಕಾಲೆತ್ತರ. ಉಸ್ಸಪ್ಪಾ ಅಂತ ಹತ್ತಿದರೆ ಮೊದಲು ಟ್ರಾನ್ಸ್‌ಫಾರ್ಮರ್, ಆಮೇಲೆ ಮೂರು ಬೈಕು, ಆಮೇಲೆ ನಡಿಗೆಗೆಂದೇ ನೆಟ್ಟ ಹೊಚ್ಚ ಹೊಸ ಕಬ್ಬಿಣದ ಕಂಬ. ಅದರ ಮೇಲೆ ನೀಲಿ ಫಲಕ: 'ಪಾದಚಾರಿಗಳಿಗೆ ಮಾತ್ರ'. ಕಂಬ ನಟ್ಟನಡುವೆ ನಿಂತಿದೆ. ಪಾದಚಾರಿ ಅದನ್ನು ದಾಟಬೇಕೆಂದರೆ ರಸ್ತೆಗೆ ಇಳಿಯಬೇಕು.

ಮಲಿಕ್-ಎ-ಮೈದಾನ್ ತೋಪಿನ ತೂಕ 55 ಟನ್. 1632ರಲ್ಲಿ ಪರಾಂಡಾ ಕೋಟೆಯಿಂದ ತಂದದ್ದು. 400 ಎತ್ತು, 10 ಆನೆ ಎಳೆದವಂತೆ. ಎಣಿಸಿದವರ್ಯಾರೋ, ತೋಪಂತೂ ಬಂದು ಶೆರ್ಜಾ ಬುರುಜಿನ ಮೇಲೆ ಕೂತಿತು. ನಮ್ಮ ಕಂಬವನ್ನು ಎರಡಡಿ ಸರಿಸಲು ಮಾತ್ರ ಟೆಂಡರ್ ಕರೆಯಬೇಕಂತೆ.

ಇನ್ನು ಜನರ ಜೊತೆ ಬೆರೆಯುವ ಬಾಬತ್ತು. ಅದಕ್ಕಾಗಿ ಹಿಂದಿನ ದಿನವೇ ಜನರನ್ನು ಎಬ್ಬಿಸಿ ಕಳಿಸಿದ್ದರು. ಮಿರ್ಚಿ ಭಜಿ ಮಾಡುವ ಕಾಕು, ಬೀಗ ರಿಪೇರಿಯವನು, ಹೂವಿನ ಬುಟ್ಟಿಯವಳು, ಒಬ್ಬರೂ ಇಲ್ಲ. ದಿನಾ ನಾನು ಆ ದಾರಿಯಲ್ಲಿ ಹೋದರೆ ಹತ್ತು ಹೆಜ್ಜೆಗೊಬ್ಬರು 'ಎಲ್ಲಿ ಹೊಂಟೀರಿ, ಚಾ ಆತೇನ್ರಿ' ಅಂತ ತಡೆಯುತ್ತಾರೆ. ನಾಲ್ಕು ದಿನ ಕಾಣದಿದ್ದರೆ 'ಆರಾಮ ಇರಲಿಲ್ಲೇನು' ಅಂತ ಕಾಕು ಕೇಳುತ್ತಾಳೆ, ಕೇಳಿ ಒಂದು ಭಜಿ ಹೆಚ್ಚಿಗೆ ಹಾಕುತ್ತಾಳೆ. (ದುಡ್ಡು ಬಿಡುವುದಿಲ್ಲ, ಆ ಮಾತು ಬೇರೆ.) ಆವತ್ತು ಬೀದಿ ತೊಳೆದಿಟ್ಟ ತಟ್ಟೆಯ ಹಾಗೆ ಸ್ವಚ್ಛವಾಗಿತ್ತು. ಸಾಹೇಬರು ಅತ್ತಿತ್ತ ನೋಡಿ, 'ಇಲ್ಲೊಂದು ಆತ್ಮೀಯ ವಾತಾವರಣವಿದೆ' ಅಂತ ಮೈಕಿಗೆ ಹೇಳಿದರು. ಪೊಲೀಸರು ಚಪ್ಪಾಳೆ ತಟ್ಟಿದರು. ಅಲ್ಲಿ ಇದ್ದವರೇ ಅವರು.

ಕಾರುಗಳು ಗಾಂಧಿ ಚೌಕದ ಕಡೆ ತಿರುಗಿದವೋ ಇಲ್ಲವೋ, ಕಾಕು ಗಾಡಿ ತಳ್ಳಿಕೊಂಡು ಬಂದಳು. ಬಿಸಿಲು ಏರಿತ್ತು. ತಾಡಪತ್ರಿಯ ಒಂದು ತುದಿಯನ್ನು ಎಲ್ಲಿ ಕಟ್ಟುವುದೆಂದು ಅವಳದು ದಿನದ ತಕರಾರು. ಹಗ್ಗವನ್ನು ಹೊಸ ಕಂಬಕ್ಕೆ ಎರಡು ಸುತ್ತು ಸುತ್ತಿ ಜಗ್ಗಿ ನೋಡಿದಳು.

'ಗಟ್ಟಿ ಹುಗದಾರ ನೋಡ್ರಿ,' ಅಂದಳು. 'ಇನ್ನೊಂದ ಈ ಕಡೆ ಹಾಕಿದ್ರ ಚಲೋ ಆಕ್ಕಿತ್ತು.'