ಹಾಕುವುದಲ್ಲ, ಮಡಚುವುದೇ ಸಂಕಟ

ಕಳೆದ ಭಾನುವಾರ ಪುಣೆಯಿಂದ ಪವನಾ ಜಲಾಶಯದ ದಡಕ್ಕೆ ಹೋಗಿದ್ದೆವು. ನಾವು ಮತ್ತು ಧಾರವಾಡದ ಕಡೆಯ ಇನ್ನೊಂದು ಕುಟುಂಬ. ಮಡಚುವ ಟೆಂಟ್, ಅದರ ಮುಂದೆ ಚಪ್ಪರದಂತೆ ಕಟ್ಟುವ ಆನಿಂಗ್.

ಅಲ್ಲಿ ಮಣ್ಣು ತೆಳು, ಕೆಳಗೆ ಕರಿಕಲ್ಲು. ಅಲ್ಯೂಮಿನಿಯಂ ಗೂಟ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಬಾಗುತ್ತದೆ. 10ರಲ್ಲಿ 6 ಬಾಗಿದವು. ಕೊನೆಗೆ ಹಗ್ಗಗಳನ್ನು ದೊಡ್ಡ ಕಲ್ಲುಗಳಿಗೇ ಬಿಗಿದೆವು. ಈ ನೆಲಕ್ಕೆ ದಪ್ಪ ಉಕ್ಕಿನ ಗೂಟ ಬೇಕು. ಮಾರುವವರು ಅದನ್ನು ಯಾಕೆ ಕೊಡುವುದಿಲ್ಲ?

ಬೆಳಿಗ್ಗೆ ಎದ್ದರೆ ಟೆಂಟಿನ ಬಟ್ಟೆಯೆಲ್ಲ ಇಬ್ಬನಿಯಲ್ಲಿ ತೊಯ್ದಿತ್ತು. 10 ಗಂಟೆಗೆ ಜಾಗ ಬಿಡಬೇಕು. ಒದ್ದೆ ಬಟ್ಟೆ ಮಡಚಿಟ್ಟರೆ ಎರಡು ಮೂರು ದಿನದಲ್ಲೇ ಬೂಷ್ಟು ಹಿಡಿಯಬಹುದು. ಆ ಕಪ್ಪು ಚುಕ್ಕೆ ಎಷ್ಟು ಉಜ್ಜಿದರೂ ಸುಲಭಕ್ಕೆ ಹೋಗುವುದಿಲ್ಲ. ಗೊತ್ತಿದ್ದೂ ಮಡಚಬೇಕಲ್ವಾ, ಅದೇ ಹೊಟ್ಟೆ ಉರಿಸುತ್ತದೆ. ಇನ್ನು ಆ ಚೀಲ! ಹೊಸದರಲ್ಲಿ ಕಾರ್ಖಾನೆಯವರು ಒತ್ತಿ ತುಂಬಿದ ಅಳತೆಗೆ ಹೊಲಿದದ್ದು. ಮನುಷ್ಯರ ಕೈಯಿಂದ ಮತ್ತೆ ಅದರೊಳಗೆ ತುರುಕಲು ಆಗುವುದೇ ಇಲ್ಲ. ಮೂರು ಸಲ ಸುತ್ತಿ, ಮೊಣಕಾಲಲ್ಲಿ ಒತ್ತಿ ಗಾಳಿ ತೆಗೆದೆವು. ಜಿಪ್ ಹರಿಯಿತು. ಚೀಲಕ್ಕೆ ಒಂದು ಗೇಣು ಜಾಸ್ತಿ ಬಟ್ಟೆ ಹಾಕಿ ಹೊಲಿದಿದ್ದರೆ ಸಾಕಿತ್ತು.

ಮನೆಗೆ ಬಂದರೆ ಒಣಗಿಸಲು ಜಾಗವಿಲ್ಲ. ತಾರಸಿಗೆ ಬೀಗ. ನಮ್ಮ ಬಾಲ್ಕನಿಯ ಅಗಲ 4 ಅಡಿ, ಆನಿಂಗ್ 10 ಅಡಿ ಇದೆ. ಇವತ್ತು ಬುಧವಾರ. ಅದು ಇನ್ನೂ ಮಲಗುವ ಕೋಣೆಯ ಬಾಗಿಲ ಮೇಲೆ ನೇತಾಡುತ್ತಿದೆ. ಮುಟ್ಟಿದರೆ ಹೊಲಿಗೆಯ ಅಂಚು ಇನ್ನೂ ಒದ್ದೆ.