ಎಣಿಕೆಯ ಕೊನೆಗೆ ಬೀಳುವ ಗಾಂಗ್

ಕಛೇರಿ, ಭಾವಗೀತೆ, ಸಿನಿಮಾ ಹಾಡು ಎಲ್ಲ ಕೇಳಿಯಾಗಿ ಬೇರೆ ಏನಾದರೂ ಬೇಕು ಅನ್ನಿಸಿದವರು ಜಾವಾದ ಗಾಮೆಲಾನ್ (ಗಾಂಗ್ ಎಂಬ ತೂಗುಹಾಕಿದ ಜಾಗಟೆ, ಕಂಚಿನ ಪಟ್ಟಿವಾದ್ಯ, ಮದ್ದಳೆ ಎಲ್ಲ ಸೇರಿದ ಮೇಳ) ಹತ್ತಿರ ಬಂದಾಗ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಅರೆ, ಇದು ನಮ್ಮ ಮೋಹನ ರಾಗ ಅಲ್ವಾ?" ಎರಡನೆಯದು ಹತ್ತು ನಿಮಿಷದ ಮೇಲೆ ಬರುತ್ತದೆ: "ಯಾಕೋ ಶ್ರುತಿ ಸೇರ್ತಾ ಇಲ್ಲ." ಎರಡೂ ಸರಿಯಲ್ಲ. ವಿಚಿತ್ರವೆಂದರೆ, ಎರಡು ತಪ್ಪಿಗೂ ಕಾರಣ ಒಳ್ಳೆಯ ಕಿವಿಯೇ. ಸಂಗೀತವೇ ಗೊತ್ತಿಲ್ಲದವನಿಗಿಂತ ಹತ್ತು ವರ್ಷ ಪಾಠ ಹೇಳಿಸಿಕೊಂಡವನಿಗೆ ಇಲ್ಲಿ ಕಷ್ಟ ಜಾಸ್ತಿ. ಮಧ್ಯ ಜಾವಾದಲ್ಲಿ ಬದುಕು ಕಟ್ಟಿಕೊಂಡ ನಮ್ಮವರಿಗೆ ಮದುವೆ ಮನೆಯಲ್ಲಿ, ಊರ ಹಬ್ಬದಲ್ಲಿ ಈ ಸಂಗೀತ ಕಿವಿಗೆ ಬೀಳುತ್ತಲೇ ಇರುತ್ತದೆ. ಆದರೂ ಅದು ಹಿನ್ನೆಲೆಯ ಗಂಟೆ ಸದ್ದಾಗಿಯೇ ಉಳಿಯುವುದು ಇದರಿಂದ.

ಮೊದಲು ಆ ಮೋಹನದ ಲೆಕ್ಕ ತೀರಿಸೋಣ. ಸ್ಥಾಯಿಯನ್ನು 1200 ಸೆಂಟ್ (ಸ್ವರಗಳ ನಡುವಿನ ದೂರ ಅಳೆಯುವ ಮಾನ) ಎಂದಿಟ್ಟುಕೊಂಡರೆ ಮೋಹನದ ಸ ರಿ ಗ ಪ ದ ಸುಮಾರು 0, 204, 386, 702, 906ರಲ್ಲಿ ನಿಲ್ಲುತ್ತವೆ. ಗಾಮೆಲಾನಿನ ಎರಡು ಶ್ರುತಿ ಪದ್ಧತಿಗಳಲ್ಲಿ ಒಂದಾದ ಸ್ಲೆಂಡ್ರೊದಲ್ಲಿ ಐದು ಸ್ವರಗಳನ್ನು ಹೆಚ್ಚುಕಡಿಮೆ ಸಮವಾಗಿ ಹಂಚಿರುತ್ತಾರೆ: 0, 240, 480, 720, 960ರ ಆಸುಪಾಸು. ಯಾವ ಗಾಮೆಲಾನೂ ಈ ಅಂಕಿಗಳಿಗೆ ಕರಾರುವಾಕ್ಕಾಗಿ ಕೂರುವುದಿಲ್ಲ, ಅದು ಬೇರೆ ಮಾತು. ಈಗ ಮೂರನೇ ಸ್ವರ ನೋಡಿ. ಮೋಹನದ ಗಾಂಧಾರಕ್ಕಿಂತ 94 ಸೆಂಟ್ ಮೇಲಿದೆ, ಶುದ್ಧ ಮಧ್ಯಮಕ್ಕೆ ಕೂದಲೆಳೆಯಷ್ಟು ಕೆಳಗಿದೆ. ಐದನೆಯದು ಧೈವತಕ್ಕಿಂತ ಕೈಶಿಕಿ ನಿಷಾದಕ್ಕೇ ಹತ್ತಿರ. ಅಂದರೆ ಲೆಕ್ಕದ ಪ್ರಕಾರ ಅದು ಮೋಹನಕ್ಕಿಂತ ಮಧ್ಯಮಾವತಿಯ ನೆಂಟ.

ಅಲ್ಲಿಗೂ ಮುಗಿಯಲಿಲ್ಲ. ಮೋಹನದಲ್ಲಿ ಗ್ರಹಭೇದ ಮಾಡಿದರೆ, ಅಂದರೆ ಬೇರೊಂದು ಸ್ವರವನ್ನೇ ಷಡ್ಜವಾಗಿ ಹಿಡಿದರೆ, ರಿಷಭದಿಂದ ಮಧ್ಯಮಾವತಿ, ಗಾಂಧಾರದಿಂದ ಹಿಂದೋಳ, ಪಂಚಮದಿಂದ ಶುದ್ಧ ಸಾವೇರಿ ಹುಟ್ಟುತ್ತವೆ. ಮೆಟ್ಟಿಲುಗಳ ಎತ್ತರ ಬೇರೆ ಬೇರೆ ಇರುವುದರಿಂದಲೇ ಈ ಆಟ ಸಾಧ್ಯ. ಸ್ಲೆಂಡ್ರೊದಲ್ಲಿ ಮೆಟ್ಟಿಲುಗಳೆಲ್ಲ ಹತ್ತಿರಹತ್ತಿರ ಒಂದೇ ಎತ್ತರ. ಎಲ್ಲಿಂದ ಹತ್ತಿದರೂ ಅದೇ ನೋಟ. ಹಾಗಾಗಿ ಷಡ್ಜ ಹುಡುಕುವ ನಮ್ಮ ಕಿವಿ ಒಮ್ಮೆ ಇದನ್ನು, ಒಮ್ಮೆ ಅದನ್ನು ಷಡ್ಜ ಅಂದುಕೊಂಡು ಜಾರುತ್ತಲೇ ಇರುತ್ತದೆ. ಆಧಾರಕ್ಕೆ ತಂಬೂರಿಯೂ ಇಲ್ಲ. "ಶ್ರುತಿ ಸೇರ್ತಾ ಇಲ್ಲ" ಅನ್ನಿಸುವುದು ಆಗ. ಜಾವಾದವರು ಸ್ವರಕ್ಕೆ ಸ ರಿ ಗ ಅನ್ನುವುದಿಲ್ಲ; 1, 2, 3, 5, 6 ಎಂದು ಬರೆದು "ಜಿ, ರೊ, ಲು, ಮೊ, ನೆಮ್" ಎಂದು ಓದುತ್ತಾರೆ. ಕೇಳುವವರೂ ಹಾಗೇ ಅಂಕಿಗಳಲ್ಲೇ ಕೇಳುವುದು ಲೇಸು. ಇನ್ನೊಂದು ಪದ್ಧತಿ ಪೆಲೊಗ್: ಏಳು ಸ್ವರ, ಅಂತರಗಳು ಒಂದಕ್ಕೊಂದು ಸಂಬಂಧವಿಲ್ಲದಷ್ಟು ಬೇರೆ ಬೇರೆ, ಹೆಚ್ಚಿನ ರಚನೆಗಳಲ್ಲಿ ಐದರ ಮೇಲೇ ಒತ್ತು. ಅದರ 1 2 3 5 6 ಕೇಳಿದರೆ ಭೂಪಾಳದ ನೆರಳು ಕಾಣಿಸುತ್ತದೆ. ಕಾಣಲಿ, ಆದರೆ ಅಲ್ಲಿ ಗಮಕ ಹುಡುಕಬೇಡಿ. ಕಂಚಿನ ಪಟ್ಟಿ ಬಾಗುವುದಿಲ್ಲ.

ನಮ್ಮ ಫ್ಯೂಷನ್ ಉತ್ಸಾಹಿಗಳಿಗೆ ಇಲ್ಲೇ ಒಂದು ಎಚ್ಚರಿಕೆ. ಗಾಮೆಲಾನಿಗೆ ಊರಿಗೆಲ್ಲ ಒಂದೇ ಶ್ರುತಿ ಅಂತಿಲ್ಲ. ಒಂದೊಂದು ಸೆಟ್ಟೂ ಒಟ್ಟಿಗೆ ಹುಟ್ಟಿ ಒಟ್ಟಿಗೆ ಬಾಳುತ್ತದೆ; ಪಕ್ಕದೂರಿನ ಸೆಟ್ಟಿನಿಂದ ಒಂದು ವಾದ್ಯ ಎರವಲು ತಂದರೆ ಅದು ಅಪಸ್ವರವೇ. ಕೀಬೋರ್ಡು, ಹಾರ್ಮೋನಿಯಂ ಇಟ್ಟರೆ ಮೊದಲ ಆವರ್ತದಲ್ಲೇ ಕೆಡುತ್ತದೆ. ಕೊಳಲಿಗೆ ಕಷ್ಟ. ಪಿಟೀಲು, ಗೋಟುವಾದ್ಯ, ಕಂಠ ಇವು ಹೊಂದಿಕೊಳ್ಳಬಲ್ಲವು. ಆದರೆ ಹಾಡುವವರು ಮೊದಲು ಆ ಸೆಟ್ಟಿನ ಐದು ಸ್ವರಗಳನ್ನು ಒಂದೊಂದಾಗಿ ಹೊಡೆಸಿ, ತಮ್ಮ ಗಾಂಧಾರವನ್ನು ಮರೆತು, ಅದಕ್ಕೇ ಗಂಟಲು ಕೂಡಿಸಬೇಕು.

ಇನ್ನು ತಾಳ. ನಿಜವಾದ ತಿರುವು ಇರುವುದು ಇಲ್ಲಿ.

ಚಿಕ್ಕ ರಚನಾಪ್ರಕಾರವೊಂದು ಲಾಂಚಾರಾನ್, 16 ಎಣಿಕೆ. ಬೆಸ ಎಣಿಕೆಗಳಲ್ಲೆಲ್ಲ ಕೆತುಕ್ ಎಂಬ ಸಣ್ಣ ಗುಬ್ಬಿನ ವಾದ್ಯ "ತುಕ್" ಅನ್ನುತ್ತದೆ. 4, 8, 12, 16ರಲ್ಲಿ ಕೆನೊಂಗ್, ಅಂದರೆ ಚೌಕಟ್ಟಿನ ಮೇಲೆ ಮಲಗಿಸಿದ ದೊಡ್ಡ ಕಂಚಿನ ಕೊಪ್ಪರಿಗೆಯಂಥದ್ದು. 6, 10, 14ರಲ್ಲಿ ಕೆಂಪುಲ್, ಅಂದರೆ ತೂಗುಹಾಕಿದ ಸಣ್ಣ ಗಾಂಗ್. 2ರಲ್ಲಿ ಕೆಂಪುಲ್ ಬರಬೇಕಿತ್ತು, ಬೇಕೆಂದೇ ಬಿಟ್ಟಿರುತ್ತಾರೆ; ಆಗತಾನೆ ಹೊಡೆದ ಗಾಂಗ್ ಇನ್ನೂ ಮೊರೆಯುತ್ತಿರುತ್ತದಲ್ಲ, ಅದಕ್ಕೆ ಜಾಗ. 16ಕ್ಕೆ ದೊಡ್ಡ ಗಾಂಗ್. ಒಂದಕ್ಕಲ್ಲ, ಹದಿನಾರಕ್ಕೆ.

ನಮ್ಮವರು ಅದನ್ನು ಸಮ (ಆವರ್ತದ ಮೊದಲ ಎಣಿಕೆ) ಅಂದುಕೊಂಡು ಗಾಂಗನ್ನೇ ಒಂದು ಎಂದು ಎಣಿಸುತ್ತಾರೆ. ಆಗ ಕೆನೊಂಗ್ 5, 9, 13ಕ್ಕೆ ಬೀಳುತ್ತದೆ. ಆದಿತಾಳದ ಕೈಗೆ ಇದು ಸೊಗಸಾಗಿ ಕೂರುತ್ತದೆ, ಐದಕ್ಕೆ ಹೇಗೂ ದ್ರುತದ ತಟ್ಟು ಇದ್ದೇ ಇದೆ. ಮೋಸ ಇರುವುದೇ ಈ ಕೂರುವುದರಲ್ಲಿ. ತಾಳ ಸರಿಹೋಯಿತು ಅನ್ನಿಸುತ್ತದೆ, ರಾಗದ ವಾಕ್ಯಗಳೆಲ್ಲ ಮಾತ್ರ ತಲೆಕೆಳಗಾಗಿ ಕೇಳಿಸುತ್ತವೆ. ಯಾಕೆಂದರೆ ಜಾವಾದ ಮೂಲಸ್ವರಸಾಲು (ಬಾಲುಂಗಾನ್, ಅಂದರೆ ಅಸ್ಥಿಪಂಜರ) ನಾಲ್ಕು ನಾಲ್ಕರ ಗುಂಪಿನಲ್ಲಿ ನಡೆಯುತ್ತದೆ, ಗುಂಪಿನ ಭಾರವೆಲ್ಲ ನಾಲ್ಕನೇ ಸ್ವರದ ಮೇಲೆ. ಗಾಂಗನ್ನು ಒಂದು ಅಂದರೆ ಪ್ರತಿ ಗುಂಪನ್ನೂ ಅದರ ಕೊನೆಯಿಂದ ಶುರು ಮಾಡಿದಂತೆ. ಒಂದು ಪದದ ಕೊನೆಯಕ್ಷರವನ್ನು ಮುಂದಿನ ಪದದ ತಲೆಗೆ ಅಂಟಿಸಿ ಓದಿದರೆ ಹೇಗೋ ಹಾಗೆ.

ಸರಿಪಡಿಸುವ ದಾರಿ ಸುಲಭ. ನಮ್ಮ ಲಘುವಿನಲ್ಲಿ ಮೊದಲು ತಟ್ಟು, ಆಮೇಲೆ ಮೂರು ಬೆರಳು. ಇಲ್ಲಿ ಮೂರು ಬೆರಳು ಮೊದಲು, ನಾಲ್ಕನೆಯದಕ್ಕೆ ತಟ್ಟು. ಹೀಗೆ ನಾಲ್ಕು ಸಲ ಮಾಡಿದರೆ ನಾಲ್ಕನೇ ತಟ್ಟು ಗಾಂಗ್ ಮೇಲೆ ಬೀಳುತ್ತದೆ. ಮುಕ್ತಾಯ ಬಂದು ಸಮಕ್ಕೆ ಕೂತಾಗ ಕಛೇರಿಯಲ್ಲಿ ತಲೆ ತೂಗುತ್ತದಲ್ಲ, ಆ ಅನುಭವವನ್ನು ಹಿಡಿದುಕೊಳ್ಳಿ. ನಮ್ಮಲ್ಲಿ ಯಾವಾಗಲೋ ಒಮ್ಮೆ ಬರುವ ಆ ಕೂರುವಿಕೆ ಇಲ್ಲಿ ಪ್ರತಿ ಆವರ್ತದ್ದೂ ಹಣೆಬರಹ. ಲಾಂಚಾರಾನ್ ಕೈಗೆ ಹತ್ತಿದ ಮೇಲೆ ಕೆತಾವಾಂಗ್ ಎಣಿಸಿ: ಅದೂ 16, ಆದರೆ ಕೆನೊಂಗ್ 8 ಮತ್ತು 16ಕ್ಕೆ ಮಾತ್ರ, ಕೆಂಪುಲ್ ಒಂದೇ ಸಲ 12ಕ್ಕೆ. ಲಾದ್ರಾಂಗ್ ಅದರ ಇಮ್ಮಡಿ, 32.

ಕಾಲದ ವಿಷಯದಲ್ಲೂ ಅವರದು ಉಲ್ಟಾ. ನಮ್ಮಲ್ಲಿ ವರ್ಣವನ್ನು ಎರಡನೇ ಕಾಲಕ್ಕೆ ಒಯ್ದರೆ ತಾಳ ಇದ್ದಲ್ಲೇ ಇರುತ್ತದೆ, ಸ್ವರಗಳು ಇಮ್ಮಡಿಯಾಗುತ್ತವೆ. ಜಾವಾದಲ್ಲಿ ಚೌಕಟ್ಟೇ ಹಿಗ್ಗುತ್ತದೆ. ಮೂಲಸ್ವರಸಾಲು ನಿಧಾನವಾಗುತ್ತ ಹೋಗಿ, ಒಂದು ಹಂತ ಮುಟ್ಟಿದೊಡನೆ ಪೆಕಿಂಗ್ ಎಂಬ ಪುಟ್ಟ ಪಟ್ಟಿವಾದ್ಯ ಒಂದು ಸ್ವರಕ್ಕೆ ಎರಡರ ಬದಲು ನಾಲ್ಕು ಹೊಡೆತ ಹಾಕುತ್ತದೆ. ಇನ್ನೂ ಹಿಗ್ಗಿದರೆ ಎಂಟು. ಸಾಲು 2 1 2 6 ಎಂದಿದ್ದರೆ ಪೆಕಿಂಗ್ ಮೊದಲು 22 11 22 66 ಎನ್ನುತ್ತದೆ. ಹಿಗ್ಗಿದ ಮೇಲೆ 2211 2211 2266 2266. ಪೆಕಿಂಗ್ ಬಾರಿಸುವವನ ಕೈವೇಗ ಹೆಚ್ಚುಕಡಿಮೆ ಇದ್ದಷ್ಟೇ, ಸುತ್ತಲ ಜಗತ್ತು ಮಾತ್ರ ಅಗಲವಾಗಿದೆ. ಇದಕ್ಕೆ ಇರಾಮ ಅನ್ನುತ್ತಾರೆ, ನಮ್ಮ "ವಿರಾಮ"ದಿಂದ ಹೋದ ಮಾತು. "ಯಾವಾಗಲೂ ಒಂದೇ ಥರ" ಅನ್ನುವವರು ತಪ್ಪಿಸಿಕೊಳ್ಳುವುದು ಈ ಹಿಗ್ಗು ಕುಗ್ಗನ್ನೇ. ರಾಗವಿಸ್ತಾರ ಎಲ್ಲಿ ಎಂದು ಕೇಳುತ್ತಾರೆ, ವಿಸ್ತಾರವಾಗುತ್ತಿರುವುದು ಕಾಲ.

ಮೂರನೆಯ ಅಭ್ಯಾಸ ಮುಖ್ಯ ಗಾಯಕನನ್ನು ಹುಡುಕುವುದು. ಗಾಮೆಲಾನಿನಲ್ಲಿ ಹಾಡುವ ಹೆಂಗಸು, ಸಿಂದೆನ್, ಮುಂದೆ ಕೂತಿದ್ದರೂ ಪಕ್ಕವಾದ್ಯದವರೆಲ್ಲ ಅವಳ ಹಿಂದೆ ಇಲ್ಲ. ಅವಳ ಸಾಲು ಬೀಳಬೇಕಾದ ಸ್ವರದ ಮೇಲೆ ಬೇಕೆಂದೇ ತಡವಾಗಿ ಬಂದು ಇಳಿಯುತ್ತದೆ. "ತಾಳ ತಪ್ಪಿದಳು" ಎಂದು ನಮ್ಮವರು ಪಿಸುಗುಟ್ಟುವುದು ಆಗ. ಮೇಳವನ್ನು ನಡೆಸುವವನು ಕೆಂಡಾಂಗ್ ಮದ್ದಳೆಯವನು. ಅವನಿಗೆ ನಮ್ಮ ಮೃದಂಗದವರ ಹಾಗೆ ಒಬ್ಬನೇ ನುಡಿಸುವ ತನಿ ಇಲ್ಲ. ವೇಗ ಹೆಚ್ಚಿಸುವುದು, ಹಿಗ್ಗಿಸುವುದು, ನಿಲ್ಲಿಸುವುದು ಎಲ್ಲ ಅವನ ಬೆರಳಲ್ಲಿ. ಕಣ್ಸನ್ನೆ, ಕೈಸನ್ನೆಯ ಅಗತ್ಯ ಬೀಳುವುದಿಲ್ಲ.

ಅವರಿಂದ ನಾವು ಕಲಿಯಬೇಕಾದ್ದು ಏನಾದರೂ ಇದ್ದರೆ ಅದು ಕೂರುವ ವ್ಯವಸ್ಥೆ ಎಂಬುದು ನನ್ನ ಅನಿಸಿಕೆ. ಹೊಸಬನಿಗೆ ಮೊದಲ ಸಂಜೆಯೇ ಕೆತುಕ್ ಕೊಡುತ್ತಾರೆ. ಎಣಿಸಲು ಬಂದರೆ ಸಾಕು, ಅವನು ಅಭ್ಯಾಸಕ್ಕಲ್ಲ, ನಿಜವಾದ ಸಂಗೀತದೊಳಗೇ ಕೂತಿರುತ್ತಾನೆ. ಆಮೇಲೆ ಕೆನೊಂಗ್, ಸಾರೊನ್ ಎಂಬ ಪಟ್ಟಿವಾದ್ಯ, ಬೊನಾಂಗ್ ಎಂಬ ಗುಬ್ಬಿನ ಗಂಟೆಗಳ ಸಾಲು. ವರ್ಷಗಳ ಮೇಲೆ ಗೆಂದೆರ್ ಎಂಬ ಮೆಲುದನಿಯ ಪಟ್ಟಿವಾದ್ಯ, ರೆಬಾಬ್ ಎಂಬ ಕಮಾನಿನ ತಂತಿವಾದ್ಯ. ಅತಿ ಸುಲಭದ್ದೂ ಅತಿ ಕಷ್ಟದ್ದೂ ಒಂದೇ ಹಾಡಿನಲ್ಲಿ ಒಟ್ಟಿಗೆ. ನಮ್ಮ ಕನ್ನಡ ಸಂಘಗಳ ರಾಜ್ಯೋತ್ಸವ ನೋಡಿ: ಎಂಟು ವರ್ಷ ಪಾಠವಾದ ಮಗು ವೇದಿಕೆ ಮೇಲೆ, ನಲವತ್ತು ದಾಟಿದವರೆಲ್ಲ ಚಪ್ಪಾಳೆಗೆ. ಭಜನೆ ಮಂಡಳಿಯ ತಾಳ, ಡೊಳ್ಳು ಕುಣಿತದ ಸಾಲು ಇಂಥ ಜಾಗ ಕೊಡುತ್ತಿದ್ದವು. ಹೊರನಾಡಿಗೆ ಬರುವಾಗ ನಾವು ಕಛೇರಿಯನ್ನು ತಂದೆವು, ಅವನ್ನು ಬಿಟ್ಟು ಬಂದೆವು. ಹಾಗೆಂದು ಗಾಮೆಲಾನ್ ಎಲ್ಲ ಕೊಡುತ್ತದೆ ಎಂದಲ್ಲ. ಒಂದು ಕಂಠ ಒಬ್ಬಂಟಿಯಾಗಿ ತೋಡಿ ರಾಗದೊಳಗೆ ಇಳಿಯುವ ಸುಖ ಅಲ್ಲಿಲ್ಲ, ಅದನ್ನು ಅಲ್ಲಿ ಕೇಳುವುದೂ ನ್ಯಾಯವಲ್ಲ.

ಸಾರೊನ್ ಹಿಡಿದವರು ಮೊದಲ ವಾರ ಎಡವುವುದು ಎಡಗೈಯಲ್ಲಿ. ಬಲಗೈ ಮುಂದಿನ ಪಟ್ಟಿಯನ್ನು ಹೊಡೆಯುವ ಕ್ಷಣಕ್ಕೇ ಎಡಗೈ ಹಿಂದಿನ ಪಟ್ಟಿಯನ್ನು ಚಿವುಟಿ ಹಿಡಿಯಬೇಕು. ಮೊದಲೇ ಹಿಡಿದರೆ ಸಾಲು ಕುಂಟುತ್ತದೆ, ತಡವಾದರೆ ಎರಡು ಸ್ವರ ಕಲಸಿ ಗದ್ದಲ. ಗೆಂದೆರಿನಲ್ಲಿ ಎರಡೂ ಕೈಗೂ ಕೋಲು, ಹಾಗಾಗಿ ಅಂಗೈಯ ಬುಡದಿಂದಲೇ ಸದ್ದು ಅಡಗಿಸಬೇಕು. ಅದು ಕಷ್ಟವೆನ್ನುವುದು ಅದಕ್ಕೇ. ಚಪ್ಪಲಿ ಹೊರಗೆ, ವಾದ್ಯ ದಾಟಬಾರದು: ತಂಬೂರಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಲೋಹವೂ ನಮ್ಮದೇ ಕಂಚು. ಹತ್ತು ಭಾಗ ತಾಮ್ರಕ್ಕೆ ಮೂರು ಭಾಗ ತವರ. ಇಷ್ಟು ತವರ ಬಿದ್ದ ಕಂಚು ತಣ್ಣಗಿದ್ದಾಗ ಸುತ್ತಿಗೆ ತಾಗಿದರೆ ಸೀಳುತ್ತದೆ. ಕೆಂಪಗೆ ಕಾಯಿಸಿ ಬಡಿದು, ನೀರಿಗದ್ದಿ ಅದರ ಪೆಡಸುತನ ಕಳೆಯಬೇಕು. ಮಧ್ಯ ಜಾವಾದ ಸೋಲೋ ನಗರದ ಪಕ್ಕದ ವಿರುನ್ ಊರು ಈ ಕೆಲಸಕ್ಕೆ ಹೆಸರಾದದ್ದು. ಪಟ್ಟಿಯ ಸ್ವರ ಇಳಿಸಬೇಕಾದರೆ ನಡುವೆ ಅರ ಹಾಕುತ್ತಾರೆ, ಬಿಗಿ ಕಡಿಮೆಯಾಗುತ್ತದೆ. ಏರಿಸಬೇಕಾದರೆ ತುದಿಗಳಲ್ಲಿ, ಭಾರ ಕಡಿಮೆಯಾಗುತ್ತದೆ. ಹೊಸ ಕಂಚಿನ ಶ್ರುತಿ ಮೊದಮೊದಲು ಜಾರುತ್ತದೆ, ಮತ್ತೆ ಕೂಡಿಸಲೇಬೇಕು.

ಯಕ್ಷಗಾನ ನೋಡಿ ಬೆಳೆದವರಿಗೆ ಮಾತ್ರ ಒಂದು ಅಡ್ಡದಾರಿ ಇದೆ: ವಾಯಾಂಗ್ ಕುಲಿತ್, ತೊಗಲು ಗೊಂಬೆಯಾಟ. ರಾಮಾಯಣ ಭಾರತದ ಕಥೆಗಳೇ. ದಾಲಾಂಗ್ ಒಬ್ಬನೇ ಗೊಂಬೆ ಆಡಿಸಿ, ಮಾತಾಡಿ, ಹಾಡಿ, ಪೆಟ್ಟಿಗೆಗೆ ಮರದ ಸುತ್ತಿಗೆ ತಟ್ಟಿ ಇಡೀ ಮೇಳಕ್ಕೆ ಆಜ್ಞೆ ಕೊಡುತ್ತಾನೆ; ಜಾಗಟೆ ಹಿಡಿದ ಭಾಗವತರು, ವೇಷಧಾರಿಗಳು ಎಲ್ಲ ಒಬ್ಬನಲ್ಲೇ. ರಾತ್ರಿ ಒಂಬತ್ತರ ಹೊತ್ತಿಗೆ ಶುರುವಾದರೆ ಬೆಳಗಿನವರೆಗೆ ಮೂರು ಘಟ್ಟ, ಘಟ್ಟಕ್ಕೊಂದು ಸ್ವರಛಾಯೆ: ನೆಮ್, ಸಾಂಗಾ, ಮಾನ್ಯುರಾ. ನಮ್ಮ ಕಾಲಮಿತಿ ಪ್ರಯೋಗದ ಹಾಗೆ ಅವರಲ್ಲೂ ಚುಟುಕು ಆಟ ಬಂದಿದೆ. ಅದರಲ್ಲಿ ಕಥೆ ಉಳಿದೀತು, ನಡುರಾತ್ರಿ ಸ್ವರ ಬದಲಾಗುವ ಆ ಹದ ಉಳಿಯುವುದು ಕಷ್ಟ.

ಮನೆಯಲ್ಲಿ ಕೇಳುವವರು ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ದೊಡ್ಡ ಗಾಂಗಿನ ಮೂಲನಾದ 50 ಹರ್ಟ್ಸ್ ಆಸುಪಾಸು. ಫೋನು ಅಷ್ಟು ಕೆಳಗೆ ಇಳಿಯುವುದಿಲ್ಲ. ಗಾಂಗ್ ಹೋದರೆ ಉಳಿಯುವುದು ಪಾತ್ರೆ ಸದ್ದು. ಹೆಡ್‌ಫೋನು ಹಾಕಿ, ಮೊದಲ ಸಲ ಸ್ವರ ಬಿಟ್ಟು ಗಾಂಗನ್ನಷ್ಟೇ ಹಿಂಬಾಲಿಸಿ. ಎರಡನೇ ಸಲ ಕೆನೊಂಗ್. ಮೂರನೇ ಸಲ ಪೆಕಿಂಗ್. ಶುರುಮಾಡಲು ಒಳ್ಳೆಯದು ಕೆತಾವಾಂಗ್ ಪುಸ್ಪವರ್ನ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ತಟ್ಟೆಯಲ್ಲಿ ಹೋದದ್ದು ಇದೇ, ಯೋಗ್ಯಕರ್ತಾದ ಪಾಕುಆಲಾಮಾನ್ ಅರಮನೆಯ ಮೇಳ. ಧ್ವನಿಮುದ್ರಿಸಿದ ರಾಬರ್ಟ್ ಬ್ರೌನ್ ಅದಕ್ಕೂ ಮೊದಲು ಡಾಕ್ಟರೇಟ್ ಮಾಡಿದ್ದು ನಮ್ಮ ಮೃದಂಗದ ಮೇಲೆ. ಅದೇ ತಟ್ಟೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಈವರೆಗೆ ಹೇಳಿದ ವ್ಯತ್ಯಾಸವೆಲ್ಲ ಎಂಟೊಂಬತ್ತು ನಿಮಿಷದಲ್ಲಿ ಸಿಗುತ್ತದೆ.

ಎದುರು ಕೂತು ಕೇಳುವಾಗ ಕೊನೆಯಲ್ಲೊಂದು ಜಾಗ್ರತೆ. ಮದ್ದಳೆ ನಿಧಾನವಾಗುತ್ತದೆ, ಕೊನೆಯ ಗಾಂಗ್ ಕಾಯಿಸಿ ಕಾಯಿಸಿ ಬೀಳುತ್ತದೆ, ನಮ್ಮವರ ಚಪ್ಪಾಳೆ ಅಲ್ಲೇ ಎದ್ದುಬಿಡುತ್ತದೆ. ತಡೆಯಿರಿ. ಉಳಿದವರೆಲ್ಲ ತಮ್ಮ ಕೊನೆಯ ಸ್ವರವನ್ನು ಇನ್ನೂ ಹೊಡೆದಿಲ್ಲ. ಅದು ಗಾಂಗ್ ಬಿದ್ದ ಒಂದು ಉಸಿರಿನ ಮೇಲೆ ಬರುತ್ತದೆ.