ಸೋರ್ದೊ ಎಂದರೆ ಕಿವುಡ, ಮೂಕನಲ್ಲ

ಇಟಲಿ 2006ರಲ್ಲಿ ಒಂದು ಪುಟ್ಟ ಕಾನೂನು ಮಾಡಿತು. ಹಳೆಯ ಕಾನೂನುಗಳಲ್ಲಿ ‘ಸೋರ್ದೊಮೂತೊ’, ಅಂದರೆ ಕಿವುಡ-ಮೂಕ, ಎಂದು ಇರುವಲ್ಲೆಲ್ಲ ಬರೀ ‘ಸೋರ್ದೊ’ ಎಂದಿರಬೇಕು ಎನ್ನುವುದೇ ಅದರ ತಿರುಳು. ಒಂದು ಪದ ಕಳೆಯುವುದಕ್ಕೆ ಸಂಸತ್ತೇ ಬೇಕಾಯಿತೇ ಎಂದು ನಗುವವರು ಆ ಪದದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಮೂಲ ಲ್ಯಾಟಿನ್ನಿನ ‘ಸುರ್ದುಸ್’. ಸ್ಪೇನಿನವರಿಗೂ ಅದು ಸೋರ್ದೊ, ಫ್ರೆಂಚರಿಗೆ ಸೂರ್. ರೋಮನ್ನರು ಕಿವಿ ಕೇಳದವನನ್ನೂ ಸುರ್ದುಸ್ ಎಂದರು, ಸದ್ದೇ ಮಾಡದ್ದನ್ನೂ ಸುರ್ದುಸ್ ಎಂದರು. ಮಂಕು ಬಣ್ಣಕ್ಕೂ ಅದೇ ಮಾತು. ಕೇಳದಿರುವುದಕ್ಕೂ ಕೇಳಿಸದಿರುವುದಕ್ಕೂ ನಡುವೆ ಗೆರೆಯೇ ಇಲ್ಲ. ಫ್ರೆಂಚಿನಲ್ಲಿ ಇಂದಿಗೂ ಒಳಗೊಳಗೇ ಕೊರೆಯುವ ನೋವು ‘ಕಿವುಡು ನೋವು’. ನಮ್ಮ ವ್ಯಾಕರಣ ಅಘೋಷ ಎನ್ನುವ ಕ, ತ, ಪಗಳು ಅವರ ವ್ಯಾಕರಣದಲ್ಲಿ ಕಿವುಡು ವ್ಯಂಜನಗಳು. ಪಿಟೀಲಿನ ದನಿ ತಗ್ಗಿಸುವ ಪುಟ್ಟ ಸಾಧನ ಇಟಲಿಯವರಿಗೆ ಸೋರ್ದಿನೊ. ಗಣಿತದ ಕಥೆ ಇನ್ನೂ ಸೊಗಸು: ಗ್ರೀಕರು ‘ಮಾತಿಗೆ ನಿಲುಕದ್ದು’ ಎಂದ ಸಂಖ್ಯೆಯನ್ನು ಅರಬ್ಬರು ‘ಕಿವುಡು’ ಎಂದರು, ಲ್ಯಾಟಿನ್ ಅನುವಾದಕರು ಅದನ್ನೇ ಸುರ್ದುಸ್ ಮಾಡಿದರು. ನಮ್ಮ ಮಕ್ಕಳು ಕರಣಿ ಎಂದು ಕಲಿಯುವ ಎರಡರ ವರ್ಗಮೂಲ ಇಂಗ್ಲಿಷಿನಲ್ಲಿ ‘ಸರ್ಡ್’ ಆದದ್ದು ಹೀಗೆ.

ಬಣ್ಣಕ್ಕೆ, ನೋವಿಗೆ, ವರ್ಗಮೂಲಕ್ಕೆ ಈ ಗೊಂದಲದಿಂದ ನಷ್ಟವೇನಿಲ್ಲ. ಮನುಷ್ಯರ ವಿಷಯದಲ್ಲಿ ಇದೆ. ಕೇಳದವನು ಮಾತಿಲ್ಲದವನು, ಮಾತಿಲ್ಲದವನು ಬುದ್ಧಿಯಿಲ್ಲದವನು ಎಂದು ಜನ ಸಲೀಸಾಗಿ ಜಾರಿಬಿಡುತ್ತಾರೆ. 18ನೆಯ ಶತಮಾನದ ಪ್ಯಾರಿಸ್ಸಿನಲ್ಲೇ ಪಾದ್ರಿ ದ ಲೆಪೆ ಕಿವುಡ ಮಕ್ಕಳಿಗೆ ಸಂಜ್ಞೆಗಳಲ್ಲಿ ಪಾಠ ಹೇಳಿ ತೋರಿಸಿದ್ದರು. ಆದರೂ 1880ರಲ್ಲಿ ಮಿಲಾನಿನಲ್ಲಿ ಸೇರಿದ ಶಿಕ್ಷಕರು, ಬಹುತೇಕ ಎಲ್ಲರೂ ಕಿವಿ ಕೇಳುವವರೇ, ತರಗತಿಗೆ ಸಂಜ್ಞೆ ಬೇಡ, ಬಾಯಿಮಾತೇ ಸಾಕು ಎಂದು ನಿರ್ಣಯಿಸಿದರು. ಕೈಯಲ್ಲಿದ್ದ ಭಾಷೆಯನ್ನು ಕಿತ್ತುಕೊಂಡು ಆಮೇಲೆ ಮೂಕ ಎಂದು ಕರೆಯುವುದು ಯಾವ ನ್ಯಾಯ? ಇಟಲಿ ತನ್ನ ಸಂಜ್ಞಾ ಭಾಷೆಗೆ ಕಾನೂನಿನ ಮಾನ್ಯತೆ ಕೊಟ್ಟದ್ದು 2021ರಲ್ಲಿ.

ನಮ್ಮಲ್ಲಿ ‘ಕಿವುಡ ಮತ್ತು ಮೂಗ ಮಕ್ಕಳ ಶಾಲೆ’ ಎಂಬ ಫಲಕಗಳು ಇನ್ನೂ ಕಾಣುತ್ತವೆ. ನಯವಾಗಿ ಬರೆಯಹೊರಟವರು ‘ಶ್ರವಣದೋಷವುಳ್ಳವರು’ ಎನ್ನುತ್ತಾರೆ. ಆ ಮರ್ಯಾದೆಯ ನಡುವೆಯೇ ದೋಷ ಕುಳಿತಿದೆ. ನನಗಂತೂ ಅದಕ್ಕಿಂತ ಕಿವುಡ ಎಂಬ ನೇರ ಮಾತೇ ವಾಸಿ ಅನ್ನಿಸುತ್ತದೆ, ಅದನ್ನು ಬೈಗುಳವಾಗಿ ಬಳಸುವುದನ್ನು ನಾವು ಬಿಟ್ಟರೆ. ಇಟಲಿಯ ಕಿವುಡರ ರಾಷ್ಟ್ರೀಯ ಸಂಘ ತನ್ನ ಹೆಸರಿನಿಂದ ‘ಮೂಕ’ವನ್ನು ತೆಗೆದುಹಾಕಿತು, ‘ಕಿವುಡ’ವನ್ನು ಹಾಗೆಯೇ ಇಟ್ಟುಕೊಂಡಿತು.